ಊರೂರು ತಿರುಗುವ ವ್ಯಾಪಾರಿಗೆ ಮೊಬೈಲೇ ಕಾಯಂ ವಿಳಾಸ

ಸೀರೆಯ ಗಂಟು, ಸ್ಟೀಲ್ ಪಾತ್ರೆ, ಬಳೆ, ಪೂಜಾ ಸಾಮಗ್ರಿ, ಹಪ್ಪಳ-ಸಂಡಿಗೆ, ಖಾಖ್ರಾ, ಸೇವು-ಚೂಡಾ. ಇಂಥ ಸರಕನ್ನು ಬೈಕಿನ ಮೇಲೋ ಗೂಡ್ಸ್ ಆಟೊದಲ್ಲೋ ಹೇರಿಕೊಂಡು ಇಂದು ಒಂದೂರಿನ ಸಂತೆ, ನಾಳೆ ಇನ್ನೊಂದೂರಿನ ಸಂತೆ, ನಡುವೆ ಜಾತ್ರೆ ಎಂದು ತಿರುಗುವ ಸಣ್ಣ ವ್ಯಾಪಾರಿಗಳು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಸಮಾಜದ ಎಷ್ಟೋ ಕುಟುಂಬಗಳು ಈ ತಿರುಗಾಟದ ವ್ಯಾಪಾರದಿಂದಲೇ ಮೇಲೆ ಬಂದಿವೆ, ಇಂದಿಗೂ ಹಲವರು ಅದರಲ್ಲೇ ಇದ್ದಾರೆ. ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಪರಿಚಯದವರಿಗೆ ಮಾರುವ ತಾಯಂದಿರನ್ನೂ ಈ ಸಾಲಿಗೆ ಸೇರಿಸಬೇಕು. ಅವರಿಗೂ ಅಂಗಡಿ ಇಲ್ಲ, ಬೋರ್ಡು ಇಲ್ಲ.

ಇವರೆಲ್ಲರ ತೊಂದರೆ ಸರಕಿನ ಗುಣದ್ದಲ್ಲ. ಜಾತ್ರೆಯಲ್ಲಿ ಕುಕ್ಕರ್ ಕೊಂಡ ಗಿರಾಕಿಗೆ ಆರು ತಿಂಗಳ ನಂತರ ಅದೇ ವ್ಯಾಪಾರಿಯಿಂದ ಇಡ್ಲಿ ಪಾತ್ರೆ ಬೇಕೆನಿಸುತ್ತದೆ. ಆದರೆ ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ. ಪೇಟೆಯ ಅಂಗಡಿಯಾದರೆ ಅದೇ ಬೀದಿಗೆ ಹೋದರೆ ಸಿಗುತ್ತದೆ. ತಿರುಗುವ ವ್ಯಾಪಾರಿಗೆ ಬೀದಿ ಇಲ್ಲ. ಹಾಗಾಗಿ ಅವನ ವಿಳಾಸ ಎಂದರೆ ಅವನ ಮೊಬೈಲ್ ನಂಬರು. ವಾಟ್ಸಾಪು, ಕ್ಯೂಆರ್ ಸ್ಟಿಕ್ಕರು, ಗೂಗಲ್ ಮ್ಯಾಪು, ಫೇಸ್‌ಬುಕ್ ಜಾಹೀರಾತು ಎಲ್ಲವೂ ಈ ಒಂದು ವಿಳಾಸವನ್ನು ಗಿರಾಕಿಯ ಕೈಗೆ ಮುಟ್ಟಿಸುವ ಸಾಧನಗಳು. ಇದನ್ನು ಬಿಟ್ಟು ಮೊದಲೇ ಜಾಹೀರಾತಿಗೆ ದುಡ್ಡು ಹಾಕುವುದು ಅಡಿಪಾಯವಿಲ್ಲದೆ ಬೋರ್ಡು ನೆಟ್ಟಂತೆ.

ನಂಬರನ್ನು ಕಾಪಾಡಿಕೊಳ್ಳುವುದು

ವ್ಯಾಪಾರಕ್ಕೆ ಒಂದು ನಂಬರನ್ನು ಗೊತ್ತುಮಾಡಿಕೊಂಡು ಅದನ್ನೇ ವರ್ಷಗಟ್ಟಲೆ ಉಳಿಸಿಕೊಳ್ಳಬೇಕು. ಅಗ್ಗದ ಪ್ಲಾನ್ ಬಂತೆಂದು ಹೊಸ ಸಿಮ್ ತೆಗೆದುಕೊಳ್ಳುವವರು ಹಳೆಯ ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆ. ಕಂಪನಿ ಬದಲಿಸಬೇಕಾದರೆ ಅದೇ ನಂಬರನ್ನು ಪೋರ್ಟ್ ಮಾಡಿಸಿಕೊಳ್ಳಬಹುದು.

ಸಿಮ್ ವ್ಯಾಪಾರಿಯ ಹೆಸರಿನಲ್ಲೇ ಇರಬೇಕು. ಅಂಗಡಿಯ ಹುಡುಗನ ಹೆಸರಿನಲ್ಲೋ, ಸಿಮ್ ಮಾರುವವನು ಯಾರದೋ ಆಧಾರ್ ಮೇಲೆ ಕೊಟ್ಟದ್ದೋ ಆಗಿದ್ದರೆ, ಫೋನು ಕಳೆದ ದಿನ ಡೂಪ್ಲಿಕೇಟ್ ಸಿಮ್ ಸಿಗುವುದಿಲ್ಲ. ಸಿಮ್ ಇಲ್ಲದಿದ್ದರೆ ವಾಟ್ಸಾಪ್ ಇಲ್ಲ, ಬ್ಯಾಂಕಿನ ಓಟಿಪಿ ಇಲ್ಲ, ಯುಪಿಐ ಇಲ್ಲ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬಂದಿರುವುದಿಲ್ಲ. ಪ್ರಿಪೇಯ್ಡ್ ಸಿಮ್ಮನ್ನು ಸತತ 90 ದಿನ ಬಳಸದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು, ಆಮೇಲೆ ಆ ನಂಬರು ಬೇರೆಯವರಿಗೆ ಹೋಗುತ್ತದೆ. ಮಳೆಗಾಲದಲ್ಲಿ ಸಂತೆ ಇಲ್ಲವೆಂದು ವ್ಯಾಪಾರದ ಫೋನನ್ನು ಕಪಾಟಿನಲ್ಲಿ ಇಡುವವರು ರೀಚಾರ್ಜನ್ನಾದರೂ ಬಿಡಬಾರದು. ಒಂದು ವರ್ಷ ವ್ಯವಹಾರವೇ ಇಲ್ಲದ ಯುಪಿಐ ಐಡಿಗಳನ್ನೂ ನಿಷ್ಕ್ರಿಯಗೊಳಿಸುವ ನಿಯಮವಿದೆ.

ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ಎಂದಿದೆ. ಅಲ್ಲಿ ಆರು ಅಂಕೆಯ ಪಿನ್ ಹಾಕಿಟ್ಟರೆ, ಮೋಸಗಾರರು ಹೇಗೋ ಓಟಿಪಿ ಪಡೆದುಕೊಂಡರೂ ಖಾತೆಯನ್ನು ತಮ್ಮ ಫೋನಿಗೆ ಒಯ್ಯಲು ಕಷ್ಟ. ಎರಡು ನಿಮಿಷದ ಕೆಲಸ, ಮಾಡದವರೇ ಹೆಚ್ಚು.

ವಾಟ್ಸಾಪ್ ಬಿಸಿನೆಸ್ ಎಂಬ ಬೋರ್ಡು

ವಾಟ್ಸಾಪ್ ಬಿಸಿನೆಸ್ ಎಂಬ ಬೇರೆ ಆ್ಯಪ್ 2018ರಲ್ಲಿ ಬಂದಿದೆ. ಉಚಿತ. ಎರಡು ನಂಬರುಗಳಿದ್ದರೆ ಒಂದೇ ಫೋನಿನಲ್ಲಿ ಮನೆಯವರಿಗೆ ಮಾಮೂಲಿ ವಾಟ್ಸಾಪು, ವ್ಯಾಪಾರಕ್ಕೆ ಇದು ಎಂದು ಎರಡನ್ನೂ ಇಟ್ಟುಕೊಳ್ಳಬಹುದು. ಹೀಗೆ ಬೇರೆ ಮಾಡುವುದೇ ಒಳ್ಳೆಯದು. ಮದುವೆ ಫೋಟೊ, ಗುಡ್ ಮಾರ್ನಿಂಗ್ ಸಂದೇಶ, ಸಮಾಜದ ಗ್ರೂಪುಗಳ ನಡುವೆ ಗಿರಾಕಿಯ ಆರ್ಡರು ಮುಳುಗಿಹೋಗುವುದು ದಿನನಿತ್ಯದ ಅನುಭವ.

ಈ ಆ್ಯಪಿನಲ್ಲಿ ಪ್ರೊಫೈಲ್ ತುಂಬುವಾಗ ಅನೇಕರು ಹೆಸರನ್ನಷ್ಟೇ ಹಾಕಿ ಬಿಡುತ್ತಾರೆ. ಏನು ಮಾರಲಾಗುತ್ತದೆ, ಯಾವ ವಾರ ಯಾವ ಸಂತೆ, ಫೋನು ತೆಗೆಯುವ ವೇಳೆ ಯಾವುದು, ಇಷ್ಟನ್ನೂ ಬರೆಯಬೇಕು. ತಿರುಗುವ ವ್ಯಾಪಾರಿಯ ಮಟ್ಟಿಗೆ ಸಂತೆಯ ವಾರಪಟ್ಟಿಯೇ ಎಲ್ಲಕ್ಕಿಂತ ಮುಖ್ಯ. ‘ಸೋಮವಾರ ಇಂಥ ಊರು, ಬುಧವಾರ ಇಂಥ ಊರು, ಭಾನುವಾರ ಮನೆಯಲ್ಲಿ’ ಎಂದು ಮೂರು ಸಾಲು ಇದ್ದರೆ ಗಿರಾಕಿ ಕರೆಮಾಡಿ ಕೇಳುವ ಅಗತ್ಯವೇ ಇಲ್ಲ. ಸೂರ್ಯಾಸ್ತದ ಮೊದಲು ಊಟ ಮುಗಿಸಿ ಆಮೇಲೆ ಫೋನು ನೋಡದ ಕುಟುಂಬಗಳಿವೆ. ಅಂಥವರು ‘ಅವೇ ಮೆಸೇಜ್’ ಸೌಲಭ್ಯದಲ್ಲಿ ‘ಸಂಜೆ 6ರ ನಂತರ ಬಂದ ಆರ್ಡರಿಗೆ ಬೆಳಿಗ್ಗೆ 8ಕ್ಕೆ ಉತ್ತರ’ ಎಂದು ಹಾಕಿಡಬಹುದು. ಅದು ತಾನಾಗಿಯೇ ಹೋಗುತ್ತದೆ. ಉತ್ತರ ಬರಲಿಲ್ಲವೆಂದು ಗಿರಾಕಿ ಬೇರೆ ಕಡೆಗೆ ಹೋಗುವುದು ತಪ್ಪುತ್ತದೆ.

ಕ್ಯಾಟಲಾಗ್ ಎಂಬಲ್ಲಿ ಸರಕಿನ ಫೋಟೊ, ಬೆಲೆ, ಎರಡು ಸಾಲು ವಿವರ ಹಾಕಬಹುದು. ನೂರಾರು ಸರಕು ಹಾಕಲು ಜಾಗವಿದ್ದರೂ ಚೆನ್ನಾಗಿ ಓಡುವ 15-20 ಸರಕು ಸಾಕು. ಬೆಲೆ ಹಾಕಲೇಬೇಕು. ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಬರೆಯುವುದು ಹಳೆಯ ಅಭ್ಯಾಸ, ಪ್ರತಿಸ್ಪರ್ಧಿಗೆ ದರ ಗೊತ್ತಾಗಬಾರದೆಂಬ ಭಯ ಅದರ ಹಿಂದಿದೆ. ಪ್ರತಿಸ್ಪರ್ಧಿ ಒಬ್ಬ ಗಿರಾಕಿಯ ಹೆಸರಿನಲ್ಲಿ ಕೇಳಿ ದರ ತಿಳಿದುಕೊಳ್ಳುತ್ತಾನೆ. ಕೇಳಲು ಸಂಕೋಚಪಡುವ ನಿಜವಾದ ಗಿರಾಕಿ ಮಾತ್ರ ಸುಮ್ಮನಾಗುತ್ತಾನೆ.

ಫೋಟೊಗೆ ದೊಡ್ಡ ಕ್ಯಾಮೆರಾ ಬೇಡ. ಫೋನಿನ ಲೆನ್ಸಿನ ಮೇಲಿನ ಎಣ್ಣೆ ಜಿಡ್ಡನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಬೆಳಗಿನ ಬೆಳಕಿನಲ್ಲಿ, ಬಿಳಿ ಪಂಚೆಯ ಮೇಲೆ ಸರಕನ್ನಿಟ್ಟು ತೆಗೆದರೆ ಆಯಿತು. ಸ್ಟೀಲ್ ಪಾತ್ರೆಗೆ ನೇರ ಬಿಸಿಲು ಬಿದ್ದರೆ ಹೊಳಪಷ್ಟೇ ಕಾಣುತ್ತದೆ, ಆಕಾರ ಕಾಣುವುದಿಲ್ಲ, ಅದನ್ನು ಜಗಲಿಯ ನೆರಳಿನಲ್ಲಿ ತೆಗೆಯಬೇಕು. ಸೀರೆಯಾದರೆ ಸೆರಗು, ಅಂಚು, ಒಡಲು ಮೂರೂ ಕಾಣುವಂತೆ ಮಡಚಿಟ್ಟು ಒಂದು, ಬಟ್ಟೆಯ ನೇಯ್ಗೆ ಹತ್ತಿರದಿಂದ ಇನ್ನೊಂದು. ಅಳತೆ ತಿಳಿಯಲು ಡಬ್ಬದ ಪಕ್ಕ ಕೈಯಿಟ್ಟರೆ ಸಾಕು. ಕಂಪನಿಯವರ ಫೋಟೊವನ್ನು ಅಂತರ್ಜಾಲದಿಂದ ಎತ್ತಿ ಹಾಕಿದರೆ ‘ಫೋಟೊದಲ್ಲಿ ಬೇರೆ ಇತ್ತು’ ಎಂಬ ಜಗಳ ತಪ್ಪಿದ್ದಲ್ಲ.

ಕನ್ನಡ ಟೈಪ್ ಮಾಡಲು ಬಾರದೆಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು ಗೂಗಲ್ ಕೀಬೋರ್ಡಿನ ಮೈಕ್ ಗುರುತು ಒತ್ತಿ ಮಾತಾಡಿದರೆ ಕನ್ನಡದಲ್ಲೇ ಅಕ್ಷರ ಮೂಡುತ್ತದೆ. ಒಂದೆರಡು ತಪ್ಪು ತಿದ್ದಿಕೊಂಡರೆ ಆಯಿತು.

ಹಳೆಯ ಗಿರಾಕಿಗಳ ಪಟ್ಟಿ

ಖರ್ಚಿಲ್ಲದ ಜಾಹೀರಾತು ಎಂದರೆ ಇದೇ. ಒಮ್ಮೆ ಕೊಂಡವರ ನಂಬರನ್ನು ಅವರ ಒಪ್ಪಿಗೆ ಕೇಳಿ ಉಳಿಸಿಕೊಳ್ಳುವುದು, ಅವರ ಫೋನಿನಲ್ಲಿ ತನ್ನ ನಂಬರನ್ನು ಅಲ್ಲೇ ಸೇವ್ ಮಾಡಿಸುವುದು. ಎರಡನೆಯದನ್ನು ಯಾರೂ ಮಾಡಿಸುವುದಿಲ್ಲ, ಅದೇ ದೊಡ್ಡ ಕೊರತೆ. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಸೇರಿಸಬಹುದು, ಆದರೆ ವ್ಯಾಪಾರಿಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಉಳಿದವರಿಗೆ ಹೋಗಿದೆಯೆಂದು ವ್ಯಾಪಾರಿ ಭಾವಿಸಿಕೊಂಡಿರುತ್ತಾನೆ, ಅಷ್ಟೇ. ಸ್ಟೇಟಸ್ಸಿನ ಕಥೆಯೂ ಅದೇ. ಇಬ್ಬರ ಫೋನಿನಲ್ಲೂ ಇಬ್ಬರ ನಂಬರು ಇದ್ದರೆ ಮಾತ್ರ ಕಾಣುತ್ತದೆ. ಹಾಗಾಗಿ ಬಿಲ್ಲು ಕೊಡುವಾಗಲೇ ‘ಅಮ್ಮಾ, ಈ ನಂಬರು ಪಾತ್ರೆ ಅಂಗಡಿ ಅಂತ ಹಾಕಿಕೊಳ್ಳಿ, ಮುಂದಿನ ಸಂತೆಗೆ ಬರುವ ಮೊದಲು ತಿಳಿಸುತ್ತೇನೆ’ ಎಂದರೆ ಬಹುತೇಕರು ಹಾಕಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಚೀಲದ ಮೇಲೆ, ರಟ್ಟಿನ ಡಬ್ಬದ ಮೇಲೆ ನಂಬರಿನ ರಬ್ಬರ್ ಸ್ಟ್ಯಾಂಪು ಒತ್ತುವುದು ಇಂದಿಗೂ ಒಳ್ಳೆಯ ಉಪಾಯ.

ಲೇಬಲ್ ಸೌಲಭ್ಯದಲ್ಲಿ ಗಿರಾಕಿಗಳನ್ನು ಊರಿನ ಪ್ರಕಾರ ವಿಂಗಡಿಸಿಟ್ಟರೆ, ಆ ಊರಿಗೆ ಹೋಗುವ ಮುನ್ನಾದಿನ ಆ ಊರಿನವರಿಗೆ ಮಾತ್ರ ಸಂದೇಶ ಕಳಿಸಬಹುದು. ಸವದತ್ತಿಯವರಿಗೆ ಶಿರಸಿಯ ಜಾತ್ರೆಯ ಸುದ್ದಿ ಬೇಕಿಲ್ಲ. ವಾರಕ್ಕೊಂದಕ್ಕಿಂತ ಹೆಚ್ಚು ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ. ಹೆಚ್ಚು ಜನ ಬ್ಲಾಕ್ ಅಥವಾ ರಿಪೋರ್ಟ್ ಮಾಡಿದರೆ ವಾಟ್ಸಾಪಿನವರು ಆ ನಂಬರನ್ನೇ ತಡೆಹಿಡಿಯಬಹುದು. ಸಮಾಜದ ಗ್ರೂಪು, ಶಾಲೆಯ ಗ್ರೂಪುಗಳಿಂದ ನಂಬರುಗಳನ್ನು ಎತ್ತಿಕೊಂಡು ಜಾಹೀರಾತು ಕಳಿಸುವವರಿದ್ದಾರೆ. ಇದರಿಂದ ವ್ಯಾಪಾರ ಬಂದದ್ದು ಕಡಿಮೆ, ಮುಖ ಕೆಟ್ಟದ್ದೇ ಹೆಚ್ಚು.

ತಿಂಡಿ ಮಾರುವವರಿಗೆ ಒಂದು ಮಾತು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ತಿಂಡಿಯನ್ನು ಹುಡುಕುವವರು ನಗರಗಳಲ್ಲಿ ಬಹಳ ಇದ್ದಾರೆ. ಪರ್ಯುಷಣ, ದಶಲಕ್ಷಣದ ದಿನಗಳಲ್ಲಿ ಈ ಹುಡುಕಾಟ ಹೆಚ್ಚುತ್ತದೆ. ‘ಕಂದಮೂಲ ರಹಿತ’ ಎಂಬುದನ್ನು ವಿವರದ ಮೊದಲ ಸಾಲಿನಲ್ಲೇ ಬರೆಯಬೇಕು, ಜೊತೆಗೆ ‘ಈರುಳ್ಳಿ-ಬೆಳ್ಳುಳ್ಳಿ ಇಲ್ಲ’ ಎಂದೂ ಬರೆದರೆ ಬೇರೆ ಸಮಾಜದವರಿಗೂ ಅರ್ಥವಾಗುತ್ತದೆ. ತಯಾರಿಸಿದ ದಿನಾಂಕ, ಎಷ್ಟು ದಿನ ಬರುತ್ತದೆ ಎಂಬುದು ಫೋಟೊದಲ್ಲೇ ಕಾಣಲಿ. ತಿಂಡಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮನೆಯಲ್ಲಿ ಮಾಡುವವರಿಗೂ, ತಳ್ಳುಗಾಡಿಯವರಿಗೂ ಬೇಕು. ಸಣ್ಣ ವ್ಯಾಪಾರಿಗೆ ಇದರ ಶುಲ್ಕ ಭಾರವಲ್ಲ. ಆ ನೋಂದಣಿ ಸಂಖ್ಯೆ ಪೊಟ್ಟಣದ ಮೇಲಿದ್ದರೆ ಗಿರಾಕಿಯ ನಂಬಿಕೆಯೂ ಹೆಚ್ಚುತ್ತದೆ.

ಗೂಗಲ್‌ನಲ್ಲಿ ಹೆಸರು

ಅಂಗಡಿ ಇಲ್ಲದವರು ಗೂಗಲ್ ಮ್ಯಾಪಿನಲ್ಲಿ ಬರುವುದು ಹೇಗೆ ಎಂಬ ಪ್ರಶ್ನೆ ಸಹಜ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೌಲಭ್ಯದಲ್ಲಿ ‘ಸರ್ವಿಸ್ ಏರಿಯಾ’ ಎಂದು ಆರಿಸಿಕೊಂಡರೆ ಮನೆಯ ವಿಳಾಸವನ್ನು ಮುಚ್ಚಿಟ್ಟು, ಓಡಾಡುವ ಊರುಗಳ ಹೆಸರನ್ನು ಮಾತ್ರ ತೋರಿಸಬಹುದು. 20 ಪ್ರದೇಶಗಳವರೆಗೆ ಸೇರಿಸಲು ಅವಕಾಶವಿದೆ. ಗಿರಾಕಿಯನ್ನು ಮುಖಾಮುಖಿ ಭೇಟಿಯಾಗುವ ವ್ಯಾಪಾರಕ್ಕೆ ಮಾತ್ರ ಇದು. ಪೂರ್ತಿ ಕೊರಿಯರಿನಲ್ಲೇ ಮಾರುವವರಿಗೆ ಇಲ್ಲಿ ಅವಕಾಶವಿಲ್ಲ. ನೋಂದಣಿ ಮಾಡುವಾಗ ಗೂಗಲ್‌ನವರು ಈಗ ಸಾಮಾನ್ಯವಾಗಿ ವಿಡಿಯೊ ಕೇಳುತ್ತಾರೆ. ಸರಕು, ಗಾಡಿ, ಬಿಲ್ ಪುಸ್ತಕ ಕಾಣುವಂತೆ ತೆಗೆದು ಕಳಿಸಬೇಕು.

‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಪ್ರೊಫೈಲ್ ಬಂದ್ ಆಗುತ್ತದೆ, 5 ಸಾವಿರ ಕಟ್ಟಿ’ ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕರೆಗಳು ಬರುತ್ತವೆ. ಈ ಪ್ರೊಫೈಲಿಗೆ ಗೂಗಲ್ ಹಣ ಪಡೆಯುವುದಿಲ್ಲ. ಫೋನು ಇಟ್ಟುಬಿಡಬೇಕು.

ದುಡ್ಡು ಕೊಟ್ಟು ಜಾಹೀರಾತು: ಮೊದಲು ಲೆಕ್ಕ

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಹಾಕಿದ ಕೂಡಲೇ ‘ಬೂಸ್ಟ್’ ಎಂಬ ಗುಂಡಿ ಕಾಣುತ್ತದೆ. ಒತ್ತುವ ಮೊದಲು ಚೀಟಿಯ ಮೇಲೆ ಲೆಕ್ಕ ಹಾಕಬೇಕು. ಉದಾಹರಣೆಗೆ ವ್ಯಾಪಾರಿಯೊಬ್ಬರು 500 ರೂ. ಜಾಹೀರಾತಿಗೆ ಹಾಕಿದರು ಎನ್ನೋಣ. ಅದರ ಮೇಲೆ ಶೇ 18 ಜಿಎಸ್‌ಟಿ 90 ರೂ., ಒಟ್ಟು 590. ಮೂರು ದಿನದಲ್ಲಿ 20 ಜನ ಮೆಸೇಜ್ ಮಾಡಿದರು. ಅದರಲ್ಲಿ 10 ಜನ ಬೆಲೆ ಕೇಳಿ ಸುಮ್ಮನಾದರು, 6 ಜನ ದೂರದ ಊರಿನವರು, 4 ಜನ ಕೊಂಡರು. ಒಂದೊಂದಕ್ಕೆ 80 ರೂ. ಉಳಿದರೆ 320 ರೂ. ಅಂದರೆ 270 ರೂ. ಕೈಯಿಂದ ಹೋಯಿತು. ಅದೇ 4 ಜನ ವರ್ಷದಲ್ಲಿ ಇನ್ನೂ ಮೂರು ಸಲ ಕೊಂಡರೆ ಆ ಜಾಹೀರಾತು ಲಾಭದ್ದು. ಕೊಳ್ಳದೇ ಹೋದರೆ ನಷ್ಟದ್ದು. ಆದ್ದರಿಂದ ಮತ್ತೆ ಮತ್ತೆ ಬೇಕಾಗುವ ಸರಕಿಗೆ, ಅಂದರೆ ಹಪ್ಪಳ, ಮಸಾಲೆ, ಅಗರಬತ್ತಿಯಂಥದ್ದಕ್ಕೆ, ಜಾಹೀರಾತು ಒಪ್ಪುತ್ತದೆ. ಜೀವಮಾನದಲ್ಲಿ ಒಮ್ಮೆ ಕೊಳ್ಳುವ ಕಡಿಮೆ ಲಾಭದ ಸರಕಿಗೆ ಒಪ್ಪುವುದಿಲ್ಲ. ಲೈಕುಗಳ ಸಂಖ್ಯೆ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ಮನೆಯ ಹುಡುಗರಿಗೆ ಹೇಳಿಕೊಡಬೇಕು.

ಹಾಕುವುದೇ ಆದರೆ ಸ್ಥಳವನ್ನು ಸಣ್ಣದು ಮಾಡಬೇಕು. ಸುಮ್ಮನೆ ಬಿಟ್ಟರೆ ಜಾಹೀರಾತು ರಾಜ್ಯಕ್ಕೆಲ್ಲ, ಕೆಲವೊಮ್ಮೆ ದೇಶಕ್ಕೆಲ್ಲ ಹೋಗುತ್ತದೆ. ನಕಾಶೆಯ ಮೇಲೆ ಜಾತ್ರೆಯ ಊರಿಗೆ ಗುರುತು ಹಾಕಿ ಸುತ್ತಲಿನ ಕೆಲವು ಕಿಲೋಮೀಟರ್ ಮಾತ್ರ ಆರಿಸಬಹುದು. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಮಳಿಗೆ ಹಾಕುವವರು ಅದಕ್ಕೆ ಎರಡು ದಿನ ಮೊದಲು ಬೆಳ್ತಂಗಡಿ, ಉಜಿರೆಯ ಸುತ್ತ ಮಾತ್ರ ಹಾಕಿದರೆ ಸಾಕು. ಜಾಹೀರಾತನ್ನು ಒತ್ತಿದರೆ ನೇರವಾಗಿ ವಾಟ್ಸಾಪಿಗೆ ಬರುವಂತೆ ಇಡಬೇಕು. ಮುಗಿಯುವ ತಾರೀಖು ಹಾಕಲೇಬೇಕು, ಹಾಕದಿದ್ದರೆ ಅದು ದಿನವೂ ಹಣ ಕಡಿಯುತ್ತ ಹೋಗುತ್ತದೆ. ಬ್ಯಾಂಕ್ ಕಾರ್ಡನ್ನು ಜೋಡಿಸುವ ಬದಲು ಬೇಕಾದಷ್ಟು ಹಣವನ್ನು ಮೊದಲೇ ತುಂಬಿ ಅಷ್ಟರಲ್ಲೇ ಮುಗಿಸುವುದು ಸುರಕ್ಷಿತ.

ಹಣ ಪಡೆಯುವಲ್ಲಿ ಎಚ್ಚರ

ಯುಪಿಐ 2016ರಲ್ಲಿ ಶುರುವಾಯಿತು. 2020ರ ಜನವರಿ 1ರಿಂದ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿ ಕಮಿಷನ್ ಕೊಡಬೇಕಾಗಿಲ್ಲ. ಸೌಂಡ್ ಬಾಕ್ಸಿಗೆ ಮಾತ್ರ ತಿಂಗಳ ಬಾಡಿಗೆ ಇರುತ್ತದೆ. ಅದು ಎಷ್ಟು, ಬಳಸದ ತಿಂಗಳಿಗೂ ಕಡಿಯುತ್ತಾರೆಯೇ ಎಂಬುದನ್ನು ಕೊಡಲು ಬಂದ ಹುಡುಗನಿಂದ ಬರೆಸಿಕೊಳ್ಳಬೇಕು. ಸದ್ದುಗದ್ದಲದ ಸಂತೆಯಲ್ಲಿ ಸೌಂಡ್ ಬಾಕ್ಸ್ ನಿಜಕ್ಕೂ ಉಪಯುಕ್ತ, ಕನ್ನಡದಲ್ಲೇ ಹೇಳುವಂತೆ ಇಡಬಹುದು. ಹಣ ಬಂದಂತೆ ಕಾಣುವ ನಕಲಿ ಆ್ಯಪುಗಳು ಇವೆ. ಗಿರಾಕಿ ತನ್ನ ಫೋನಿನಲ್ಲಿ ತೋರಿಸುವ ಹಸಿರು ಟಿಕ್ ನೋಡಿ ಸರಕು ಕೊಡಬಾರದು. ತನ್ನ ಪೆಟ್ಟಿಗೆ ಮಾತಾಡಬೇಕು ಅಥವಾ ತನ್ನ ಆ್ಯಪಿನಲ್ಲಿ ಹಣ ಕಾಣಬೇಕು.

ಕ್ಯೂಆರ್ ಸ್ಟಿಕ್ಕರಿನ ಮೇಲೆ ರಾತ್ರೋರಾತ್ರಿ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋದ ಪ್ರಕರಣಗಳಿವೆ. ಗಾಡಿಗೆ ಅಂಟಿಸುವ ಬದಲು ಕೊರಳಿಗೋ ಗಲ್ಲಾಪೆಟ್ಟಿಗೆಗೋ ತೂಗುಹಾಕಿ ಸಂಜೆ ಜೊತೆಗೇ ಒಯ್ಯಬೇಕು. ಬೆಳಿಗ್ಗೆ ಮನೆಯವರ ಫೋನಿನಿಂದ 1 ರೂ. ಹಾಕಿ ನೋಡಿದರೆ ಸಂಶಯವೇ ಇಲ್ಲ. ಸ್ಕ್ಯಾನ್ ಮಾಡಿದಾಗ ಕಾಣುವ ಹೆಸರು ಬ್ಯಾನರಿನ ಹೆಸರಿಗೆ ಹೊಂದುವಂತಿದ್ದರೆ ಗಿರಾಕಿ ತಡವರಿಸುವುದಿಲ್ಲ. ವ್ಯಾಪಾರಿ ಕ್ಯೂಆರ್ ತೆಗೆದುಕೊಳ್ಳುವಾಗ ಅಂಗಡಿಯ ಹೆಸರನ್ನೇ ಹಾಕಿಸಬಹುದು.

ದೊಡ್ಡ ಜಾತ್ರೆಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಲಕ್ಷ ಜನ ಸೇರಿದಾಗ ಯಾವ ಕಂಪನಿಯದೂ ಸರಿಯಾಗಿ ನಡೆಯುವುದಿಲ್ಲ. ಬೇರೆ ಕಂಪನಿಯ ಎರಡನೇ ಸಿಮ್ ಇದ್ದರೆ ಒಂದಾದರೂ ಹಿಡಿಯಬಹುದು. ಇಂಟರ್‌ನೆಟ್ ಇಲ್ಲದಿದ್ದರೂ *99# ಒತ್ತಿ ಹಣ ಕಳಿಸುವ ಮಾರ್ಗವಿದೆ. ಸಂದೇಹ ಬಂದಾಗ ಗಿರಾಕಿಯ ಫೋನಿನಲ್ಲಿರುವ 12 ಅಂಕೆಯ ಯುಪಿಐ ರೆಫರೆನ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಬ್ಯಾಂಕಿನಲ್ಲಿ ಪತ್ತೆ ಹಚ್ಚಬಹುದು. ಚಿಲ್ಲರೆ ಇಟ್ಟುಕೊಳ್ಳುವುದನ್ನಂತೂ ಮರೆಯಬಾರದು.

ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ‘ಸೈನ್ಯದ ಕ್ಯಾಂಟೀನಿಗೆ 200 ಡಬ್ಬ ಬೇಕು, ಮುಂಗಡ ಕಳಿಸುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎಂಬ ದೊಡ್ಡ ಆರ್ಡರಿನ ಆಸೆಗೆ ಅನೇಕರು ಬಲಿಯಾಗಿದ್ದಾರೆ. ಮದುವೆ ಆಮಂತ್ರಣ, ಕೊರಿಯರ್ ವಿವರ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು ತೆರೆದರೆ ಫೋನಿನ ಓಟಿಪಿಗಳೆಲ್ಲ ಬೇರೆಯವರ ಪಾಲಾಗುತ್ತವೆ. ‘ಫೋನ್‌ಪೇ ಮಾಡುತ್ತೇನೆ, ನಗದು ಕೊಡಿ’ ಎನ್ನುವ ಅಪರಿಚಿತರಿಗೂ ಒಪ್ಪಬಾರದು. ಬಂದ ಹಣ ಬೇರೆಲ್ಲೋ ನಡೆದ ಮೋಸದ್ದಾಗಿದ್ದರೆ ಪೊಲೀಸರ ಸೂಚನೆಯಂತೆ ಬ್ಯಾಂಕಿನವರು ವ್ಯಾಪಾರಿಯ ಖಾತೆಯನ್ನು ತಡೆಹಿಡಿಯುತ್ತಾರೆ, ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಬೇಕು. ಮೋಸವಾದದ್ದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಬದಲಾಗುತ್ತದೆ.

ಪ್ರತಿ ಸ್ಕ್ಯಾನೂ ಒಂದು ಲೆಕ್ಕ

2025ರ ಜುಲೈ ತಿಂಗಳನ್ನು ರಾಜ್ಯದ ಸಣ್ಣ ವ್ಯಾಪಾರಿಗಳು ಬೇಗ ಮರೆಯಲಾರರು. ಯುಪಿಐ ಕಂಪನಿಗಳಿಂದ ಪಡೆದ ಮಾಹಿತಿಯ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಹಾಲು, ತರಕಾರಿ ಮಾರುವವರಿಗೂ ಬಂತು. ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಗಾಡಿಗಳ ಮೇಲೆ ಕಾಣಿಸಿಕೊಂಡವು. ವ್ಯಾಪಾರಿಗಳು ಬಂದ್ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಬೇಕಾದವರು ಮಾಡಿಸಲೇಬೇಕು ಎಂದರು. ಸ್ಟಿಕ್ಕರು ಕಿತ್ತೆಸೆದವರಲ್ಲಿ ಹಲವರು ಮತ್ತೆ ಅಂಟಿಸಿದರು, ಏಕೆಂದರೆ ಚಿಲ್ಲರೆ ಹಿಡಿದು ಬರುವ ಗಿರಾಕಿ ಈಗ ಕಡಿಮೆ.

ಇಲ್ಲಿ ತಿಳಿದಿರಬೇಕಾದದ್ದು ಇಷ್ಟು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂ. ಮೀರಿದರೆ, ಸೇವೆ ಕೊಡುವವರದು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆಯೇ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ಬೇಡ. ಹಪ್ಪಳಕ್ಕೆ ತೆರಿಗೆ ಇಲ್ಲ, 2025ರ ಸೆಪ್ಟೆಂಬರ್ 22ರಿಂದ ಖಾಖ್ರಾ, ಚಪಾತಿ, ರೊಟ್ಟಿಗೂ ಇಲ್ಲ. ಆದರೆ ಅದೇ ಗಾಡಿಯಲ್ಲಿ ಶೇ 5 ತೆರಿಗೆಯ ಸೇವು-ಚೂಡಾ ಕೂಡ ಇದ್ದರೆ, ಮಿತಿಯ ಲೆಕ್ಕಕ್ಕೆ ಹಪ್ಪಳ, ಖಾಖ್ರಾದ ವಹಿವಾಟೂ ಸೇರುತ್ತದೆ. ಇಲ್ಲೇ ಬಹಳ ಜನ ಎಡವುವುದು. ಇನ್ನು 40 ಲಕ್ಷ ಎಂದರೆ ಲಾಭವಲ್ಲ, ಮಾರಾಟ. ದಿನಕ್ಕೆ ಸರಾಸರಿ 11 ಸಾವಿರದ ವ್ಯಾಪಾರ ವರ್ಷವಿಡೀ ನಡೆದರೆ ಅಲ್ಲಿಗೆ ಮುಟ್ಟುತ್ತದೆ. ಮುಟ್ಟಿದವರು 1.5 ಕೋಟಿವರೆಗೆ ಕಾಂಪೋಸಿಷನ್ ಪದ್ಧತಿಗೆ ಸೇರಬಹುದು. ಬಿಡಿ ವ್ಯಾಪಾರಿಗೆ ಶೇ 1 ತೆರಿಗೆ, ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಕೈಯಿಂದಲೇ ಕಟ್ಟಬೇಕು.

ಸಮಾಜದಲ್ಲಿ ಓಡಾಡುವ ವ್ಯಾಪಾರಿಗಳಿಗೆ ಮುಖ್ಯವಾಗಿ ಹೇಳಬೇಕಾದ ಒಂದು ವಿಷಯವಿದೆ. ಯಾತ್ರೆಯ ಬಸ್ ಚಾರ್ಜು, ಬಸದಿಯ ಕಾರ್ಯಕ್ರಮದ ಚಂದಾ, ಸಾಮೂಹಿಕ ಊಟದ ಖರ್ಚು, ಗೆಳೆಯರ ಕೈಗಡ ಇವನ್ನೆಲ್ಲ ಅಂಗಡಿಯ ಕ್ಯೂಆರ್‌ಗೇ ಹಾಕಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ. ಹಾಕುವವರಿಗೆ ಅನುಕೂಲ, ಪಡೆಯುವವರಿಗೆ ಸೇವೆಯ ಸಮಾಧಾನ. ಆದರೆ ಇಲಾಖೆಯ ಕಂಪ್ಯೂಟರಿಗೆ ಅದು ಚಂದಾ ಎಂದು ಗೊತ್ತಾಗುವುದಿಲ್ಲ, ಮಾರಾಟದಂತೆಯೇ ಕಾಣುತ್ತದೆ. ಮೂರು ವರ್ಷದ ನಂತರ ನೋಟಿಸು ಬಂದಾಗ ಯಾವ ಹಣ ಯಾರದೆಂದು ನೆನಪಿಸಿಕೊಂಡು ದಾಖಲೆ ಕೊಡುವುದು ಬಹಳ ಕಷ್ಟ. ಸಂಸ್ಥೆಯ ಹಣ ಸಂಸ್ಥೆಯ ಖಾತೆಗೇ ಹೋಗಬೇಕು. ವ್ಯಾಪಾರಕ್ಕೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಇರಬೇಕು. ದಿನದ ಮಾರಾಟವನ್ನು ನಗದು, ಯುಪಿಐ, ಉದ್ರಿ ಎಂದು ಮೂರು ಕಾಲಮ್ಮಿನಲ್ಲಿ ಬರೆದಿಡಲು ಹಳೆಯ ಕಾಲದ ಕೆಂಪು ರಟ್ಟಿನ ವಹಿಯೇ ಸಾಕು, ಆ್ಯಪ್ ಬೇಕೆಂದೇನೂ ಇಲ್ಲ.

ಪೌರಸಂಸ್ಥೆಯಿಂದ ಬೀದಿಬದಿ ವ್ಯಾಪಾರಿ ಗುರುತಿನ ಚೀಟಿ ಪಡೆದವರಿಗೆ ಪಿಎಂ ಸ್ವನಿಧಿ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲ ಸಿಗುತ್ತದೆ. 2020ರಲ್ಲಿ ಶುರುವಾದ ಈ ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿದ್ದಾರೆ. ಮೊದಲ ಕಂತು 15 ಸಾವಿರ, ತೀರಿಸಿದವರಿಗೆ 25 ಸಾವಿರ, ಆಮೇಲೆ 50 ಸಾವಿರ. ಯುಪಿಐ ಮೂಲಕ ಹಣ ಪಡೆಯುವವರಿಗೆ ಕ್ಯಾಶ್‌ಬ್ಯಾಕೂ ಇದೆ.

ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ವ್ಯಾಪಾರಿಗಳಿಗೆ ಗಡಿಯ ನಿಯಮ ಬೇರೆಯೇ ಇದೆ. ತೆರಿಗೆ ಇರುವ ಸರಕನ್ನು ವಾಟ್ಸಾಪಿನಲ್ಲಿ ಆರ್ಡರ್ ಪಡೆದು ಕೊಲ್ಹಾಪುರಕ್ಕೋ ಸಾಂಗ್ಲಿಗೋ ಕೊರಿಯರ್ ಮಾಡಿದರೆ ಅದು ಅಂತರರಾಜ್ಯ ಮಾರಾಟ. ಅದಕ್ಕೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಮೊದಲ ಮಾರಾಟದಿಂದಲೇ ನೋಂದಣಿ ಬೇಕು. ಕಾಂಪೋಸಿಷನ್‌ನಲ್ಲಿ ಇರುವವರಂತೂ ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಮಹಾರಾಷ್ಟ್ರದ ಜಾತ್ರೆಯಲ್ಲಿ ಮಳಿಗೆ ಹಾಕಿ ತೆರಿಗೆಯ ಸರಕು ಮಾರಬೇಕಾದರೆ ಆ ರಾಜ್ಯದಲ್ಲಿ ‘ಕ್ಯಾಶುಯಲ್ ಟ್ಯಾಕ್ಸಬಲ್ ಪರ್ಸನ್’ ಎಂದು ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಅರ್ಜಿಯನ್ನು ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಹಾಕಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಅದು 90 ದಿನ ನಡೆಯುತ್ತದೆ, ಅವಧಿ ಮುಗಿಯುವ ಮೊದಲೇ ಕೇಳಿಕೊಂಡರೆ ಇನ್ನೂ 90 ದಿನ ಮುಂದುವರಿಸಿಕೊಡುತ್ತಾರೆ. ಅರ್ಜಿ ಹಾಕುವಾಗ ಪಾನ್ ಕಾರ್ಡು, ಬ್ಯಾಂಕ್ ಖಾತೆಯ ವಿವರ, ಮಳಿಗೆಯ ಜಾಗ ಕೊಟ್ಟವರ ಪತ್ರ ಕೈಯಲ್ಲಿರಬೇಕು. ಓಟಿಪಿ ಬರುವುದು ಅದೇ ವ್ಯಾಪಾರದ ನಂಬರಿಗೆ.